ಎಣ್ಣೆ ಬಿಟ್ಟಿದೆ

ಮೋಟಾರು ಎಣ್ಣೆಯ ವಿಷಯದಲ್ಲಿ ನಾನು ಮಾಡಿದಷ್ಟು ವಾದ ದೇವರಿದ್ದಾನೋ ಇಲ್ಲವೋ ಎಂಬ ವಿಷಯದಲ್ಲೂ ಮಾಡಿದವನಲ್ಲ. ಮೂವತ್ತನೇ ನಂಬರೋ ನಲವತ್ತನೇ ನಂಬರೋ, ಸೀಲು ಹಾಕಿದ ಡಬ್ಬಿಯದ್ದೋ ಡ್ರಮ್ಮಿನಿಂದ ಅಳೆದು ಕೊಡುವುದೋ, ಸಾವಿರ ಮೈಲಿಗೆ ಬದಲಿಸಬೇಕೋ ಎರಡು ಸಾವಿರಕ್ಕೋ ಎಂದು ಹಟ ಹಿಡಿದು ಒಬ್ಬ ಒಳ್ಳೆಯ ಮನುಷ್ಯನ ಜೊತೆ ಮಾತು ಬಿಟ್ಟೆ. ಅದೇ ತಿಂಗಳಲ್ಲಿ ಅಕ್ಕನ ಕಣ್ಣಿನ ಸಂಗತಿ ಆಯಿತು. ಎರಡಕ್ಕೂ ಎಂತ ಸಂಬಂಧ ಎಂದು ಯಾರಾದರೂ ಕೇಳಿದರೆ ಇಷ್ಟು ವರ್ಷ ನಾನು ಅರ್ಧ ಕತೆ ಹೇಳಿ ಎದ್ದು ಹೋಗುತ್ತಿದ್ದೆ. ಇನ್ನರ್ಧವನ್ನು ಈಗ ಬರೆಯುತ್ತಿದ್ದೇನೆ.

ಐವತ್ತರ ದಶಕ ಮುಗಿಯುತ್ತಿದ್ದಾಗ ನಾನು ಸುಳ್ಯದಲ್ಲಿ ಒಂದು ಹಳೆಯ ಚಿಕ್ಕ ಕಾರು ತೆಗೆದುಕೊಂಡು ಬಾಡಿಗೆಗೆ ಓಡಿಸಲು ಶುರು ಮಾಡಿದೆ. ಬೂದು ಬಣ್ಣ, ನಾಲ್ಕು ಬಾಗಿಲು, ಮುಂದೆ ಗುಂಡಗಿನ ಎರಡು ದೀಪ. ಪುತ್ತೂರಿಗೆ ಹೋಗುವವರು, ಕಡಬಕ್ಕೆ ಹೆಣ್ಣು ನೋಡಲು ಹೋಗುವವರು, ಮಂಡೆಕೋಲಿನಿಂದ ರೋಗಿಯನ್ನು ತರುವವರು, ಎಲ್ಲರಿಗೂ ಅದೇ ಕಾರು. ವಾರಕ್ಕೊಂದು ಸಲವಾದರೂ ಅರಂತೋಡು ದಾಟಿ ಮಡಿಕೇರಿ ಘಟ್ಟ ಹತ್ತುವ ಬಾಡಿಗೆ ಸಿಗುತ್ತಿತ್ತು. ಇಂಜಿನ್ ಚಿಕ್ಕದು, ಭಾರ ದೊಡ್ಡದು. ಐದು ಜನ ಕೂತು ಘಟ್ಟ ಹತ್ತಿಸುವಾಗ ಅದು ಏದುಸಿರು ಬಿಡುವುದು ನನಗೆ ಕಾಲಿನ ಅಡಿಯಲ್ಲಿ ಗೊತ್ತಾಗುತ್ತಿತ್ತು.

ಮನೆಯಲ್ಲಿ ಇದ್ದದ್ದು ನಾನು ಮತ್ತು ಅಕ್ಕ. ಅಮ್ಮ ತೀರಿಕೊಂಡಾಗ ನನಗೆ ಆರು ವರ್ಷ, ಅಕ್ಕನಿಗೆ ಹದಿನಾರು. ಮದುವೆಯಾಗಿ ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ವಾಪಸು ಬಂದವಳು, ಒಂದು ಹೊಲಿಗೆ ಮೆಷಿನ್ ಇಟ್ಟುಕೊಂಡು ನನ್ನನ್ನು ದೊಡ್ಡವನನ್ನಾಗಿ ಮಾಡಿದಳು. ಪೇಟೆಯ ಅರ್ಧ ಹೆಂಗಸರ ರವಕೆ ಅಕ್ಕ ಹೊಲಿದದ್ದೇ. ಬಟನ್ನಿನ ಕಾಜ ಅವಳಷ್ಟು ಸಣ್ಣಗೆ ಹೊಲಿಯುವವರು ಪುತ್ತೂರಿನವರೆಗೆ ಹುಡುಕಿದರೂ ಸಿಗುವುದಿಲ್ಲ ಎಂದು ಜನ ಹೇಳುತ್ತಿದ್ದರು. ಆ ಕಣ್ಣುಗಳಿಂದಲೇ ನಾನು ಅನ್ನ ತಿಂದು ಬೆಳೆದದ್ದು. ಪ್ರತಿ ಶನಿವಾರ ಅವಳ ಮೆಷಿನ್ನಿಗೆ ಎಣ್ಣೆ ಬಿಡುವುದು ನನ್ನ ಕೆಲಸವಾಗಿತ್ತು, ಚಿಕ್ಕಂದಿನಿಂದಲೂ.

ಕಾರಿನ ಕೆಲಸಕ್ಕೆ ನಾನು ಹೋಗುತ್ತಿದ್ದದ್ದು ಪೇಟೆಯ ತುದಿಯಲ್ಲಿ ಶೆಡ್ಡು ಹಾಕಿಕೊಂಡಿದ್ದ ಒಬ್ಬರು ಬ್ಯಾರಿ ಮೇಸ್ತ್ರಿಯ ಹತ್ತಿರ. ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ನಾನು ಕಾಕ ಎಂದು ಕರೆಯುತ್ತಿದ್ದೆ, ಅವರು ನನ್ನನ್ನು ಗೌಡ್ರೆ ಎನ್ನುತ್ತಿದ್ದರು. ಶೆಡ್ಡಿನ ಹಿಂದೆಯೇ ಅವರ ಮನೆ. ಕಾಕನಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಇಂಜಿನ್ನಿನ ಎಣ್ಣೆ ಅಳೆಯುವ ಕಡ್ಡಿ ಎಳೆದು, ತುದಿಯ ಎಣ್ಣೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ, ಮೂಗಿಗೆ ಹಿಡಿದು, ಒಂದು ಹನಿಯನ್ನು ಹಳೇ ಪೇಪರಿನ ಮೇಲೆ ಬೀಳಿಸಿ ಅದು ಹರಡುವುದನ್ನು ನೋಡಿ, ಈ ಎಣ್ಣೆಯ ಆಯುಷ್ಯ ಇನ್ನೆಷ್ಟು ಎಂದು ಹೇಳುತ್ತಿದ್ದರು. ಮೈಲಿಯ ಲೆಕ್ಕ ಅವರಿಗೆ ಬೇಡ. ಒಂದು ಘಟ್ಟ ಹತ್ತಿ ಇಳಿದರೆ ಮೂರು ಸಲ ಪುತ್ತೂರಿಗೆ ಹೋಗಿ ಬಂದಷ್ಟು ಎಂಬುದು ಅವರ ಲೆಕ್ಕ. ನಮ್ಮ ಕೆಂಪು ಧೂಳು ಕುಡಿದ ಎಣ್ಣೆಯನ್ನು ಸಾವಿರ ಮೈಲಿಗೇ ಚೆಲ್ಲಬೇಕು, ಇಂಜಿನ್ ಹಳತಾದ್ದರಿಂದ ದಪ್ಪ ಎಣ್ಣೆಯೇ ಆಗಬೇಕು, ನಲವತ್ತು, ಎಂದು ಅವರು.

ನನ್ನ ಹತ್ತಿರ ಪುಸ್ತಕ ಇತ್ತು. ಕಾರಿನ ಜೊತೆ ಬಂದ, ರಟ್ಟು ಹರಿದ ಇಂಗ್ಲಿಷ್ ಪುಸ್ತಕ. ಎಂಟನೇ ಕ್ಲಾಸಿನವರೆಗೆ ಓದಿದ ಅಹಂಕಾರದಲ್ಲಿ ನಾನು ಅದನ್ನು ದಿನಾ ತೆರೆಯುತ್ತಿದ್ದೆ. ಅದರಲ್ಲಿ ಮೂವತ್ತು ಎಂದಿತ್ತು, ಎರಡು ಸಾವಿರ ಮೈಲಿ ಎಂದಿತ್ತು. ಅದನ್ನು ಬರೆದವನು ಸಂಪಾಜೆ ಘಟ್ಟ ನೋಡಿದವನಾ ಎಂದು ಕಾಕ ನಗುತ್ತಾ ಕೇಳಿದರೆ ನನಗೆ ಉರಿಯುತ್ತಿತ್ತು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಈಗಲೂ ಅಷ್ಟೇ, ಮೂಗು ಮಾತ್ರ ಸ್ವಲ್ಪ ಜೋತುಬಿದ್ದಿದೆ.

ಎರಡನೇ ವರ್ಷದ ಬೇಸಿಗೆಯಲ್ಲಿ ಕಾರಿನ ಮುಂದಿನ ಹಲಗೆಯಲ್ಲಿದ್ದ ಕೆಂಪು ದೀಪ ಮಿಣುಕಲು ಶುರುವಾಯಿತು. ಇಂಜಿನ್ನಿನಲ್ಲಿ ಎಣ್ಣೆಯ ಒತ್ತಡ ಕಡಿಮೆಯಾದರೆ ಹೊತ್ತುವ ದೀಪ ಅದು. ಘಟ್ಟ ಇಳಿದು ಗಾಡಿ ನಿಲ್ಲಿಸಿದಾಗ, ಇಂಜಿನ್ ಸುಮ್ಮನೆ ಗುರುಗುಟ್ಟುತ್ತಿದ್ದಾಗ, ಅದು ಒಮ್ಮೆ ಹೊತ್ತುತ್ತದೆ, ಒಮ್ಮೆ ಆರುತ್ತದೆ. ತೆಳು ಎಣ್ಣೆ ಬಿಸಿಗೆ ನೀರಾಗಿದೆ, ನಲವತ್ತು ಹಾಕುವ ಎಂದು ಕಾಕ ಹೇಳಿದರು. ನಾನು ಕೇಳಲಿಲ್ಲ. ಬಾಡಿಗೆಗೆ ಕೂತವರು ದೀಪ ನೋಡಿ, ಇದೆಂತದು ಮಾರಾಯ್ರೆ, ಬೆಂಕಿಯಾ ಎಂದು ಕೇಳುವುದು ಹೆಚ್ಚಾದಾಗ, ಹಲಗೆಯ ಹಿಂದೆ ಕೈಹಾಕಿ ದೀಪದ ವಯರು ಕಿತ್ತುಬಿಟ್ಟೆ. ಕಾಕ ಅದನ್ನು ನೋಡಿದರು. ಕೈ ಒರಸಿಕೊಳ್ಳುತ್ತಾ, ಹೇಳುವವರ ಬಾಯಿ ಕಟ್ಟಬಾರದು ಗೌಡ್ರೆ ಎಂದರು. ನಾಳೆ ಸಿಕ್ಕಿಸುತ್ತೇನೆ ಎಂದೆ. ಸಿಕ್ಕಿಸಲಿಲ್ಲ.

ಮಳೆಗಾಲ ಕಳೆದು ಎಣ್ಣೆ ಬದಲಿಸುವಾಗ ಕಾಕ ನನಗೆ ಹೇಳದೆ ನಲವತ್ತು ಹಾಕಿದರು. ನನ್ನ ಒಳ್ಳೆಯದಕ್ಕೇ ಹಾಕಿದ್ದು, ಅದು ಈಗ ಗೊತ್ತು. ಚಳಿಗಾಲ ಶುರುವಾದ ಮೇಲೆ ಒಂದು ಬೆಳಿಗ್ಗೆ ಕಾರು ಎಷ್ಟು ತಿರುಗಿಸಿದರೂ ಹಿಡಿಯಲಿಲ್ಲ. ಹ್ಯಾಂಡಲ್ ಹಾಕಿ ತಿರುಗಿಸಿ ನನ್ನ ಭುಜ ಬಿದ್ದುಹೋಯಿತು. ಕಡ್ಡಿ ಎಳೆದು ನೋಡಿದೆ, ಎಣ್ಣೆ ಕಾಕಂಬಿಯಷ್ಟು ದಪ್ಪ. ಸೀದಾ ಶೆಡ್ಡಿಗೆ ಹೋದೆ. ಎದುರಿನ ಚಾ ಅಂಗಡಿಯಲ್ಲಿ ಏಳೆಂಟು ಜನ ಇದ್ದರು. ಅವರೆಲ್ಲರ ಮುಂದೆ ನಾನು ಹೇಳಿದೆ.

"ಅಕ್ಷರ ಗೊತ್ತಿಲ್ಲದವರು ಪುಸ್ತಕ ತಿದ್ದುದು ಬೇಡ ಕಾಕ."

ಚಾ ಅಂಗಡಿಯಲ್ಲಿ ಯಾರೂ ನಗಲಿಲ್ಲ. ಕಾಕನ ಮುಖ ಸಣ್ಣದಾಯಿತು. ಅವರು ಕೈಯಲ್ಲಿದ್ದ ಸ್ಪಾನರನ್ನು ಮೆಲ್ಲಗೆ ಕೆಳಗಿಟ್ಟು ಒಳಗೆ ಹೋದರು. ನನಗೆ ಆಗಲೇ ನಾಚಿಕೆ ಆಗಿತ್ತು, ಆದರೆ ಬಾಯಿಂದ ಹೋದದ್ದನ್ನು ವಾಪಸು ನುಂಗುವ ಜಾತಿಯವನಲ್ಲ ನಾನು. ಆಮೇಲೆ ನಮ್ಮಿಬ್ಬರ ಮಾತು ಕೆಲಸದ ಮಟ್ಟಿಗೆ ಒಂದೋ ಎರಡೋ ಶಬ್ದಕ್ಕೆ ಇಳಿಯಿತು. ಅದನ್ನೂ ನಾನು ಕಾರಿಗೆ ಹೇಳಿದ ಹಾಗೆ ಹೇಳುತ್ತಿದ್ದೆ, ಅವರು ಸ್ಪಾನರಿಗೆ ಹೇಳಿದ ಹಾಗೆ ಉತ್ತರಿಸುತ್ತಿದ್ದರು.

ಅದೇ ಹೊತ್ತಿಗೆ ಗದ್ದೆ ಕೊಯ್ಲು. ದೊಡ್ಡಮ್ಮನ ಮನೆಯಲ್ಲಿ ಭತ್ತ ಬಡಿಯುವಾಗ ಸಹಾಯಕ್ಕೆ ಹೋಗಿದ್ದ ಅಕ್ಕನ ಬಲಗಣ್ಣಿಗೆ ಒಂದು ಕಾಳು ಹಾರಿ ಬಿತ್ತು. ಭತ್ತದ ಮೂತಿ ಸೂಜಿಯ ಹಾಗೆ. ಮೊದಲು ಕಣ್ಣು ಕೆಂಪಾಯಿತು, ಆಮೇಲೆ ನೀರು. ನಂದಿಬಟ್ಟಲು ಹೂವಿನ ರಸ ಬಿಟ್ಟಳು, ಎದೆಹಾಲು ಬಿಡಿಸಿಕೊಂಡಳು. ನಾಲ್ಕನೇ ದಿನ ಕಣ್ಣಿನ ಕಪ್ಪಿನ ಅಂಚಿನಲ್ಲಿ ಬೆಳ್ಳಗೆ ಒಂದು ಚುಕ್ಕೆ ಕಂಡಿತು, ಅಕ್ಕಿಯ ನುಚ್ಚಿನಷ್ಟು. ಪುತ್ತೂರಿಗೆ ಪ್ರತಿ ಮಂಗಳವಾರ ಮಂಗಳೂರಿನಿಂದ ಒಬ್ಬರು ಕಣ್ಣಿನ ಡಾಕ್ಟರು ಬರುತ್ತಿದ್ದರು. ಕರೆದುಕೊಂಡು ಹೋದೆ. ಅವರು ಟಾರ್ಚು ಬಿಟ್ಟು ನೋಡಿ, ಇದು ಹುಣ್ಣು, ಮದ್ದು ಬಿಡಿ, ಬರುವ ಮಂಗಳವಾರ ಬೆಳಿಗ್ಗೆಯೇ ತನ್ನಿ, ಚುಕ್ಕೆ ನಡುವಿಗೆ ಹರಡಿದರೆ ಅದೇ ದಿನ ಮಂಗಳೂರಿಗೆ ಕಳಿಸಿ ಆಪರೇಷನ್ ಮಾಡಿಸುತ್ತೇನೆ ಎಂದರು. ಬಾಗಿಲ ಹೊರಗೆ ನನ್ನನ್ನು ಕರೆದು ಇನ್ನೊಂದು ಮಾತು ಹೇಳಿದರು. ತಡ ಮಾಡಿದರೆ ಹುಣ್ಣು ತೂತಾಗುತ್ತದೆ, ತೂತಾದರೆ ಕಣ್ಣು ಸಿಗುವುದಿಲ್ಲ, ಹುಷಾರು ಎಂದು.

ಆ ವಾರವಿಡೀ ಬೆಳಿಗ್ಗೆ ಎದ್ದ ಕೂಡಲೇ ನನ್ನ ಕೆಲಸ ಅಕ್ಕನನ್ನು ಕಿಟಕಿಯ ಹತ್ತಿರ ಕೂರಿಸಿ ಚುಕ್ಕೆ ನೋಡುವುದು. ನುಚ್ಚು ಅಕ್ಕಿಯಾಯಿತು. ಅಕ್ಕಿ ಉದ್ದಿನ ಬೇಳೆಯಾಯಿತು. ಅಕ್ಕ ಕೇಳುತ್ತಿದ್ದಳು, ಹೇಗುಂಟು. ಕಮ್ಮಿ ಆಗ್ತಾ ಉಂಟು ಎನ್ನುತ್ತಿದ್ದೆ. ಅವಳಿಗೆ ನನ್ನ ಸುಳ್ಳು ಗೊತ್ತಾಗುತ್ತಿತ್ತು. ಒಂದು ಕಣ್ಣು ಮುಚ್ಚಿ ಇನ್ನೊಂದರಲ್ಲಿ ಸೂಜಿಗೆ ದಾರ ಪೋಣಿಸಿ ನೋಡುತ್ತಿದ್ದಳು, ಆಗುತ್ತದೋ ಇಲ್ಲವೋ ಎಂದು. ಆಗುತ್ತಿರಲಿಲ್ಲ. ನೋಡಿದರೂ ನೋಡದವನ ಹಾಗೆ ನಾನು ಹೊರಗೆ ಹೋಗುತ್ತಿದ್ದೆ.

ಸೋಮವಾರ ಸಂಜೆ ಮೈಲಿಯ ಮೀಟರು ನೋಡಿದೆ. ಎಣ್ಣೆ ಬದಲಿಸಿ ಎರಡು ಸಾವಿರ ತುಂಬಿತ್ತು. ಪುಸ್ತಕದ ಪ್ರಕಾರ ಆ ದಿನವೇ ಬದಲಿಸಬೇಕು. ನಲವತ್ತನ್ನು ತೆಗೆದು ಮೂವತ್ತು ಹಾಕಿಸುವ ಹಟವೂ ಜೊತೆಗೆ. ಶೆಡ್ಡಿಗೆ ಹೋಗಿ ಕಾರು ನಿಲ್ಲಿಸಿ, ಎಣ್ಣೆ ಬದಲಿಸಬೇಕು, ಮೂವತ್ತೇ ಆಗಬೇಕು, ನಾಳೆ ಒಂಬತ್ತಕ್ಕೆ ಬರುತ್ತೇನೆ ಎಂದೆ. ಸಾವಿರ ಮೈಲಿಗೇ ಬದಲಿಸಿ ಎಂದು ಸದಾ ಒತ್ತಾಯಿಸುತ್ತಿದ್ದ ಕಾಕ ಆ ದಿನ ಬೇಡ ಎಂದರು. ನಾಳೆ ಅಕ್ಕನನ್ನು ಪುತ್ತೂರಿಗೆ ಕರ್ಕೊಂಡು ಹೋಗ್ಲಿಕ್ಕೆ ಉಂಟಲ್ಲ, ಇಷ್ಟು ದಿನ ಓಡಿದ ಎಣ್ಣೆ ಇನ್ನೊಂದು ದಿನ ಓಡ್ತದೆ, ಬುಧವಾರ ಮಾಡುವ, ಮೂವತ್ತು ನನ್ನ ಹತ್ತಿರ ಇಲ್ಲ, ಪುತ್ತೂರಿನಿಂದ ಬರಬೇಕು ಎಂದರು. ತಿಂಗಳಲ್ಲಿ ಅಷ್ಟುದ್ದ ಮಾತಾಡಿದ್ದು ಅದೇ ಮೊದಲು. ನಾನು ಕಾರಿನ ಕಡೆ ನೋಡಿಕೊಂಡೇ, ಪುಸ್ತಕದಲ್ಲಿ ಇರುವಷ್ಟು ಆಯಿತು ಎಂದೆ. ಸರಿ, ನಿಮ್ಮ ಪುಸ್ತಕದ ಎಣ್ಣೆಯನ್ನೇ ತರಿಸುವ ಎಂದು ಅವರು ಪುತ್ತೂರಿಗೆ ಹೊರಟಿದ್ದ ಬಸ್ಸಿನ ಕಂಡಕ್ಟರನಿಗೆ ಹೇಳಿ ಕಳಿಸಿದರು. ಡಬ್ಬಿ ಮರುದಿನ ಬೆಳಗಿನ ಮೊದಲ ಬಸ್ಸಿನಲ್ಲಿ ಬರುವುದೆಂದಾಯಿತು.

ಕಾಕನ ಕೆಲಸದ ಒಂದು ಕ್ರಮ ಇತ್ತು. ಹಳೇ ಎಣ್ಣೆಯನ್ನು ಅವರು ಇಂಜಿನ್ ಬಿಸಿ ಇರುವಾಗ, ಸಂಜೆಯೇ ಕೆಳಗಿನ ಬೋಲ್ಟು ತೆಗೆದು ಹೊರಗೆ, ಒಂದು ಬಾಣಲೆಗೆ ಬಿಡುತ್ತಿದ್ದರು. ಬೆಳಗಿನವರೆಗೆ ತೊಟ್ಟಿಕ್ಕಲಿ, ತಳದ ಗಸಿ ಒಂದು ಹನಿಯೂ ಉಳಿಯಬಾರದು ಎಂದು. ಬೆಳಿಗ್ಗೆ ನಮಾಜು ಮುಗಿಸಿ ಬಂದು ಬೋಲ್ಟು ಬಿಗಿದು ಹೊಸ ಎಣ್ಣೆ ಹಾಕುವುದು. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಮಾತು ಬಿಡುವ ಮೊದಲು ಎಷ್ಟೋ ಸಲ ಅಲ್ಲೇ ಬೆಂಚಿನಲ್ಲಿ ಕೂತು ಆ ಕಪ್ಪು ಹನಿ ಬೀಳುವುದನ್ನು ನೋಡುತ್ತಾ ಹರಟೆ ಹೊಡೆದವನು ನಾನು.

ಮಂಗಳವಾರ ಬೆಳಿಗ್ಗೆ ಅಕ್ಕ ಮಂಚದಿಂದ ಏಳಲಿಲ್ಲ. ಕಣ್ಣಿನೊಳಗೆ ಕೆಂಡ ಇಟ್ಟ ಹಾಗೆ ಆಗುತ್ತಿದೆ ಎಂದಳು. ಕಿಟಕಿ ತೆರೆದು ನೋಡಿದೆ. ಬಿಳಿ ನಡುವಿಗೆ ಬಂದಿತ್ತು. ಒಂಬತ್ತು ಗಂಟೆಯವರೆಗೆ ಕಾಯುವ ಮಾತೇ ಇಲ್ಲ. ಏಳು ಗಂಟೆಗೆಲ್ಲ ಶೆಡ್ಡಿಗೆ ಓಡಿದೆ.

ಕಾಕ ಇರಲಿಲ್ಲ. ಕಾರು ಇತ್ತು. ಅಡಿಯಲ್ಲಿ ಎಣ್ಣೆಯ ಬಾಣಲೆ ಇರಲಿಲ್ಲ, ಬೋಲ್ಟು ಬಿಗಿದಿತ್ತು. ಹಿಂದಿನ ಮನೆಯ ಅರ್ಧ ಬಾಗಿಲ ಹತ್ತಿರ ಹೋಗಿ ಕರೆದೆ. ಕಾಕನ ಹೆಂಡತಿ ಗಡಿಯಾಚೆಯವರು. ಬ್ಯಾರಿ ಮತ್ತು ಮಲಯಾಳ ಬಿಟ್ಟರೆ ಕನ್ನಡ ಹತ್ತಿಪ್ಪತ್ತು ಮಾತು. ಮಾಮೂಲಿ ದಿನ ನಾನು ಅವರ ಹತ್ತಿರ ಅರೆಬರೆ ಮಲಯಾಳದಲ್ಲೇ ಮಾತಾಡುತ್ತಿದ್ದೆ. ಆ ದಿನ ಗಡಿಬಿಡಿಯಲ್ಲಿ, ಕಾಕನ ಮೇಲಿನ ಬಿಗುಮಾನದಲ್ಲಿ, ಕನ್ನಡದಲ್ಲೇ ಕೇಳಿದೆ, ಎಣ್ಣೆ ಏನಾಯಿತು ಎಂದು. ಅವರು ಬಾಗಿಲ ಮರೆಯಿಂದ, ಗಂಡ ಕಲಿಸಿಕೊಟ್ಟುಹೋದ ಮಾತನ್ನು ಪಾಠ ಒಪ್ಪಿಸಿದ ಹಾಗೆ ಹೇಳಿದರು.

"ಎಣ್ಣೆ ಬಿಟ್ಟಿದೆ. ಗೌಡ್ರು ಬಂದರೆ ಹೇಳ್ಲಿಕ್ಕೆ ಹೇಳಿದ್ದಾರೆ."

ದೀಪಕ್ಕೆ ಎಣ್ಣೆ ಬಿಡುತ್ತೇವೆ, ತಲೆಗೆ ಬಿಡುತ್ತೇವೆ, ಕಿವಿಗೆ ಬಿಡುತ್ತೇವೆ. ಅಕ್ಕನ ಮೆಷಿನ್ನಿಗೆ ನಾನು ಹದಿನೈದು ವರ್ಷ ಎಣ್ಣೆ ಬಿಟ್ಟವನು. ನನ್ನ ಕಿವಿಗೆ ಕೇಳಿದ್ದು, ಹೊಸ ಎಣ್ಣೆ ತುಂಬಿಸಿ ಆಗಿದೆ ಎಂದು. ಕಾಕ ಹೇಳಿ ಕಳಿಸಿದ್ದು, ಇದ್ದ ಎಣ್ಣೆಯನ್ನು ಹೊರಗೆ ಬಿಟ್ಟಿದೆ, ಕಾರು ಮುಟ್ಟಬೇಡಿ ಎಂದು. ಶಬ್ದ ಒಂದೇ. ಕಡ್ಡಿ ಎಳೆದು ನೋಡಿದ್ದರೆ ಎರಡು ನಿಮಿಷದ ಕೆಲಸ. ದಿನಾ ಬೆಳಿಗ್ಗೆ ತಪ್ಪದೆ ಕಡ್ಡಿ ನೋಡುತ್ತಿದ್ದ ನಾನು ಆ ದಿನ ನೋಡಲಿಲ್ಲ. ನೋಡಿದರೆ ಎಣ್ಣೆ ಮೂವತ್ತೋ ನಲವತ್ತೋ ಎಂದು ತಿಳಿಯುತ್ತದೆ, ನಲವತ್ತಾದರೆ ನನಗೆ ಪುನಃ ಸಿಟ್ಟು ಬರುತ್ತದೆ, ಈ ದಿನ ಸಿಟ್ಟು ಬೇಡ ಎಂದು ಬಾನೆಟ್ಟಿಗೆ ಕೈ ಹಾಕಲಿಲ್ಲ. ಹಾಗಂತ ನನಗೆ ನಾನೇ ಹೇಳಿಕೊಂಡದ್ದು ಈಗಲೂ ನೆನಪುಂಟು.

ಕೀಲಿ ತಿರುಗಿಸಿದೆ. ಕಾರು ಒಂದೇ ಸಲಕ್ಕೆ ಹಿಡಿಯಿತು. ವಾರಗಟ್ಟಲೆ ಬೆಳಿಗ್ಗೆ ಮುನಿಸಿಕೊಂಡು ನಿಲ್ಲುತ್ತಿದ್ದ ಇಂಜಿನ್, ಹಗುರಾಗಿ, ಹಕ್ಕಿಯ ಹಾಗೆ. ನೋಡಿದೆಯಾ ಮೂವತ್ತರ ಗುಣ ಎಂದು ನಾನು ಒಳಗೇ ಹಿಗ್ಗಿದೆ. ಕೆಂಪು ದೀಪ ಆಗ ಹೊತ್ತಬೇಕಿತ್ತು, ಅದರ ವಯರು ಹಲಗೆಯ ಹಿಂದೆ ನೇತಾಡುತ್ತಿತ್ತು.

ಮನೆಯಿಂದ ಅಕ್ಕನನ್ನು ಕೂರಿಸಿಕೊಂಡು ಹೊರಟೆ. ಅವಳು ಬಿಳಿ ಬಟ್ಟೆಯನ್ನು ಕಣ್ಣಿಗೆ ಒತ್ತಿಕೊಂಡು ನನ್ನ ಪಕ್ಕದ ಸೀಟಿನಲ್ಲಿ ಕೂತಿದ್ದಳು. ಪಯಸ್ವಿನಿ ಹೊಳೆಯ ಕಡೆಯ ಮಂಜು ಇನ್ನೂ ಕರಗಿರಲಿಲ್ಲ. ಬಸ್ ಸ್ಟ್ಯಾಂಡಿನ ಹತ್ತಿರ ಬಂದಾಗ ಪುತ್ತೂರಿನ ಮೊದಲ ಬಸ್ಸು ಆಗಷ್ಟೇ ಬಂದು ನಿಂತಿತ್ತು. ಅದರ ಪಕ್ಕದಲ್ಲಿ ಕಾಕ, ಕೈಯಲ್ಲಿ ಒಂದು ಡಬ್ಬಿ. ನನ್ನ ಕಾರು ನೋಡಿದ್ದೇ ಅವರ ಮುಖ ಬದಲಾಯಿತು. ಡಬ್ಬಿಯನ್ನು ತಲೆಯ ಮೇಲೆ ಎತ್ತಿ ಹಿಡಿದು ರಸ್ತೆಗೆ ಓಡಿಬಂದರು.

"ಬಿಡ್ಬೇಡಿ ಗೌಡ್ರೆ, ಬಿಡ್ಬೇಡಿ!"

ಕಾರು ಬಿಡಬೇಡಿ, ಓಡಿಸಬೇಡಿ ಎಂದು ಅವರು ಹೇಳಿದ್ದು. ನನಗೆ ಕೇಳಿದ್ದು ನನ್ನನ್ನು ಬಿಟ್ಟು ಹೋಗಬೇಡಿ ಎಂದು. ಇವರಿಗೆ ಈಗ ನನ್ನ ಕಾರಿನಲ್ಲಿ ಪುತ್ತೂರಿಗೆ ಬರಬೇಕಾ, ರಾಜಿ ಮಾಡಿಕೊಳ್ಳಲು ಇದೇ ಹೊತ್ತು ಸಿಕ್ಕಿತಾ ಎಂದು ತಲೆ ಕೆಟ್ಟಿತು. ಅಕ್ಕ ಬಟ್ಟೆ ಸರಿಸಿ ಎಡಗಣ್ಣಿನಲ್ಲಿ ಹಿಂದೆ ನೋಡಿ, ಕಾಕ ಎಂತದೋ ಹೇಳುತ್ತಿದ್ದಾರೆ, ನಿಲ್ಲಿಸು ಎಂದಳು. ಸುಮ್ಮನೆ ಕೂತುಕೋ ಅಕ್ಕ ಎಂದು ಗದರಿಸಿ ಆಕ್ಸಿಲೇಟರ್ ಒತ್ತಿದೆ. ಕನ್ನಡಿಯಲ್ಲಿ ಅವರು ಸೈಕಲ್ ಅಂಗಡಿಯ ಕಡೆ ತಿರುಗಿದ್ದು ಕಂಡಿತು. ಆಮೇಲೆ ಮಂಜು.

ಪೈಚಾರು ದಾಟುವಾಗ ಇಂಜಿನ್ನಿನಿಂದ ಟಿಕ್ ಟಿಕ್ ಎಂದು ಸಣ್ಣ ಸದ್ದು. ಅಕ್ಕನ ಹೊಲಿಗೆ ಮೆಷಿನ್ನಿನ ಸದ್ದಿನ ಹಾಗೆಯೇ. ಹೊಸ ಎಣ್ಣೆ ಇನ್ನೂ ಮೇಲಕ್ಕೆ ಹತ್ತಿಲ್ಲ, ಹತ್ತುತ್ತದೆ ಎಂದುಕೊಂಡೆ. ಒಂದು ಮೈಲಿ ಕಳೆದ ಮೇಲೆ ಸದ್ದು ದೊಡ್ಡದಾಯಿತು. ಕಾದ ಬಾಣಲೆಯ ವಾಸನೆ. ಅಕ್ಕ ಕೇಳಿದಳು, ಎಂತ ವಾಸನೆ ಅದು. ಬ್ರೇಕಿನದ್ದು ಎಂದೆ. ಆ ಹೊತ್ತಿಗೆ ನನಗೂ ಗೊತ್ತಾಗಿತ್ತು, ಎಲ್ಲಿಯೋ ದೊಡ್ಡ ತಪ್ಪಾಗಿದೆ ಎಂದು. ಆದರೆ ನಿಲ್ಲಿಸಿದರೆ ಅದು ನಿಜವಾಗುತ್ತದೆ ಎಂಬ ಹೆದರಿಕೆ. ಇನ್ನು ಸ್ವಲ್ಪ, ಇನ್ನು ಸ್ವಲ್ಪ ಎಂದು ಓಡಿಸುತ್ತಲೇ ಹೋದೆ. ಜಾಲ್ಸೂರು ದಾಟಿ ಏರು ಶುರುವಾದಲ್ಲಿ ಬಡಿತ ಶುರುವಾಯಿತು, ಒಳಗಿನಿಂದ ಯಾರೋ ಸುತ್ತಿಗೆಯಲ್ಲಿ ಹೊಡೆದ ಹಾಗೆ. ನಾಲ್ಕೈದು ಸಲ ಹೊಡೆಯಿತು, ಒಮ್ಮೆ ಕಬ್ಬಿಣ ಕಿರುಚಿತು, ಚಕ್ರ ಕಚ್ಚಿಕೊಂಡು ಕಾರು ಅಡ್ಡ ತಿರುಗಿ ನಿಂತಿತು. ಆಮೇಲೆ ಸದ್ದೇ ಇಲ್ಲ.

ಇಳಿದು ಬಾನೆಟ್ಟು ತೆರೆದೆ. ಕಡ್ಡಿ ಎಳೆದೆ. ಒರಸಿ ಪುನಃ ಹಾಕಿ ಎಳೆದೆ. ಒಣಗಿತ್ತು. ಬೆಂಕಿಯಷ್ಟು ಬಿಸಿ, ಒಂದು ಹನಿ ಎಣ್ಣೆ ಇಲ್ಲ. ಅಲ್ಲಿ ನಿಂತಲ್ಲೇ ಕಾಕನ ಹೆಂಡತಿಯ ಮಾತು ಎರಡನೇ ಸಲ ಕೇಳಿದ ಹಾಗಾಯಿತು, ಈ ಸಲ ಸರಿಯಾದ ಅರ್ಥದಲ್ಲಿ. ನನ್ನ ತಲೆಯ ಮೇಲೆ ನಾನೇ ಹೊಡೆದುಕೊಂಡೆ. ಅಕ್ಕ ನೋಡುತ್ತಾಳೆ ಎಂಬ ಪರಿವೆಯೂ ಇರಲಿಲ್ಲ.

ರಸ್ತೆಯಲ್ಲಿ ಒಂದು ವಾಹನ ಇಲ್ಲ. ಆಗೆಲ್ಲ ಹಾಗೆಯೇ, ಬಸ್ಸಿನ ಹೊತ್ತು ಬಿಟ್ಟರೆ ಆ ದಾರಿಯಲ್ಲಿ ಎತ್ತಿನ ಗಾಡಿಯೂ ಸಿಗುವುದಿಲ್ಲ. ಅಕ್ಕ ಕಾರಿನಿಂದ ಇಳಿದು ಮೋರಿಯ ಕಟ್ಟೆಯ ಮೇಲೆ ಕೂತಳು. ನೋವಿಗೆ ಹಿಂದೆ ಮುಂದೆ ತೂಗುತ್ತಿದ್ದಳು. ನಾನು ರಸ್ತೆಯ ನಡುವೆ ನಿಂತು ಒಮ್ಮೆ ಪುತ್ತೂರಿನ ಕಡೆ, ಒಮ್ಮೆ ಸುಳ್ಯದ ಕಡೆ ನೋಡುವುದು. ಅರ್ಧ ಗಂಟೆ ಕಳೆದಿರಬೇಕು. ಇದ್ದಕ್ಕಿದ್ದ ಹಾಗೆ ಅವಳು ತೂಗುವುದನ್ನು ನಿಲ್ಲಿಸಿ ನೆಟ್ಟಗೆ ಕೂತಳು.

"ತಮ್ಮ, ನೋವು ಹೋಯ್ತು. ಬಿಸಿ ಬಿಸಿ ಎಂತದೋ ಇಳಿಯಿತು, ಈಗ ನೋವೇ ಇಲ್ಲ."

ಅವಳ ಮುಖದಲ್ಲಿ ಎಷ್ಟೋ ದಿನದ ಮೇಲೆ ಒಂದು ಸಮಾಧಾನ ಕಂಡಿತು. ನನಗೂ ಸಂತೋಷವಾಯಿತು. ದೇವರು ದೊಡ್ಡವನು ಎಂದು ಕೈ ಮುಗಿದೆ. ಕೈ ಮುಗಿದೆನಲ್ಲ, ಅದು ನನಗೆ ಇವತ್ತಿಗೂ ಸಹಿಸಲಿಕ್ಕೆ ಆಗುವುದಿಲ್ಲ.

ಅಷ್ಟರಲ್ಲಿ ಏರಿನ ಕೆಳಗೆ ಸೈಕಲ್ ಕಂಡಿತು. ಕಾಕ. ಅಂಗಿ ಮೈಗೆ ಅಂಟಿಕೊಂಡಿತ್ತು, ಕ್ಯಾರಿಯರಿನಲ್ಲಿ ಹಗ್ಗ ಕಟ್ಟಿದ ಎಣ್ಣೆ ಡಬ್ಬಿ. ಅವರು ಕಾರು ನೋಡಿದರು, ನನ್ನ ಕೈಯಲ್ಲಿದ್ದ ಕಡ್ಡಿ ನೋಡಿದರು, ಬಯ್ಯಲಿಲ್ಲ. ಮಾತಿಗಿಂತ ಏದುಸಿರೇ ಹೆಚ್ಚು ಬರುತ್ತಿತ್ತು. ಬಿಟ್ಟದ್ದು ಹೊರಗೆ ಗೌಡ್ರೆ, ಒಳಗೆ ಹೊಯ್ದಿರಲಿಲ್ಲ ಎಂದಷ್ಟೇ ಹೇಳಿದರು. ಆಮೇಲೆ ಅಕ್ಕನ ಹತ್ತಿರ ಹೋಗಿ ಬಗ್ಗಿ ನೋಡಿದರು. ಕೆನ್ನೆಯ ಮೇಲೆ ಇಳಿದದ್ದನ್ನೂ ನೋಡಿದರು. ನೋವಿಲ್ಲ ಕಾಕ ಎಂದು ಅಕ್ಕ ನಗುತ್ತಾ ಹೇಳಿದಳು. ಅವರು ತಲೆ ತಿರುಗಿಸಿ ರಸ್ತೆಯ ಆಚೆ ಮುಖ ಮಾಡಿ ನಿಂತುಬಿಟ್ಟರು. ಅವರಿಗೆ ಅರ್ಥವಾಗಿತ್ತು. ನಾನು ಎಂಟನೇ ಕ್ಲಾಸು ಓದಿದವನು, ನನಗೆ ಆಗಿರಲಿಲ್ಲ.

ಮರ ಹೇರಿದ ಒಂದು ಲಾರಿ ಬಂತು. ಕಾಕ ರಸ್ತೆಗೆ ಅಡ್ಡ ನಿಂತು ಅದನ್ನು ನಿಲ್ಲಿಸಿದರು, ನಮ್ಮಿಬ್ಬರನ್ನು ಹತ್ತಿಸಿದರು, ತಾವು ಕಾರು ಕಾಯಲು ಅಲ್ಲೇ ಕೂತರು. ಪುತ್ತೂರಿಗೆ ಮುಟ್ಟುವಾಗ ಹತ್ತೂವರೆ. ಡಾಕ್ಟರು ಟಾರ್ಚು ಬಿಟ್ಟರು. ಬೇಗ ಆರಿಸಿದರು. ಯಾವಾಗ ಒಡೆಯಿತು ಎಂದು ಕೇಳಿದರು. ಎರಡು ಗಂಟೆಯ ಹಿಂದೆ ನೋವು ನಿಂತಿತು ಎಂದೆ. ಒಡೆಯುವ ಮೊದಲು ತಂದಿದ್ದರೆ ಒಂದು ಪ್ರಯತ್ನ ಮಾಡಬಹುದಿತ್ತು ಎಂದರು. ಜೋರಾಗಿ ಹೇಳಲಿಲ್ಲ, ಆದರೆ ಅಕ್ಕನಿಗೆ ಕೇಳುವಷ್ಟು ಇತ್ತು. ಅವಳು ನನ್ನ ಕೈ ಹಿಡಿದಿದ್ದಳು. ಆ ಕೈ ತಣ್ಣಗಾದದ್ದು ನನಗೆ ಗೊತ್ತಾಯಿತು.

ಮಂಗಳೂರಿನಲ್ಲಿ ಹದಿನೈದು ದಿನ ಇದ್ದು ವಾಪಸು ಬಂದೆವು. ಬಲಗಣ್ಣು ಹೋಯಿತು.

ಈಗ ಬರುವುದು ಇಷ್ಟು ವರ್ಷ ನಾನು ಹೇಳದೆ ಎದ್ದು ಹೋಗುತ್ತಿದ್ದ ಭಾಗ. ಊರಿಗೆ ಬಂದು, ಕೇಳಿದವರಿಗೆಲ್ಲ ನಾನು ಹೇಳಿದ್ದು, ಕಾಕನ ಹೆಂಡತಿ ಸರಿಯಾಗಿ ಹೇಳಲಿಲ್ಲ, ಅವರಿಗೆ ಕನ್ನಡ ಬರುವುದಿಲ್ಲ ಎಂದು. ಚಾ ಅಂಗಡಿಯಲ್ಲಿ ಹೇಳಿದೆ, ಬಸ್ ಸ್ಟ್ಯಾಂಡಿನಲ್ಲಿ ಹೇಳಿದೆ. ಹೇಳಿ ಹೇಳಿ ಅರ್ಧ ನಂಬಿಯೂ ಬಿಟ್ಟೆ. ಆ ಹೆಂಗಸು ಕನ್ನಡದಲ್ಲಿ ಮಾತಾಡುವುದನ್ನೇ ನಿಲ್ಲಿಸಿದರು. ತರಕಾರಿಯವಳು ಬಂದರೂ ಬೆರಳಲ್ಲಿ ತೋರಿಸುವುದು. ಇದನ್ನು ನನಗೆ ಹೇಳಿದ್ದು ಅಕ್ಕ. ರವಕೆ ಅಳತೆ ಕೊಡಲು ಬಂದ ಯಾರೋ ಅವಳ ಹತ್ತಿರ ಹೇಳಿದ್ದರಂತೆ. ಆ ದಿನ ಅಕ್ಕ ನನ್ನ ಕೂಡೆ ಊಟಕ್ಕೆ ಕೂರಲಿಲ್ಲ. ಆ ಹೆಂಗಸು ಹೇಳಿದ ಮಾತಿನಲ್ಲಿ ಒಂದು ಅಕ್ಷರವೂ ತಪ್ಪಿಲ್ಲ, ನಿನ್ನ ಕಿವಿಯನ್ನು ಬಯ್ಯಿ ಎಂದಳು.

ಮರುದಿನ ಹೋದೆ. ಶೆಡ್ಡಿನ ಹಿಂದೆ, ಅರ್ಧ ಬಾಗಿಲ ಮುಂದೆ ಅಂಗಳದಲ್ಲಿ ನಿಂತು, ನನ್ನ ಹರಕು ಮಲಯಾಳದಲ್ಲಿ ತಪ್ಪು ನನ್ನದು ಎಂದೆ. ಕಡ್ಡಿ ನೋಡದ್ದು ನಾನು, ಕಾಕ ಡಬ್ಬಿ ಎತ್ತಿ ಹಿಡಿದು ಓಡಿಬಂದಾಗ ನಿಲ್ಲಿಸದ್ದು ನಾನು. ಸ್ವಲ್ಪ ಹೊತ್ತಾದ ಮೇಲೆ ಬಾಗಿಲ ಸಂದಿಯಿಂದ ಒಂದು ಗ್ಲಾಸು ಚಾ ಹೊರಗೆ ಬಂತು. ಅಲ್ಲಿಯೇ ನಿಂತು ಕುಡಿದೆ. ಚಾ ಅಂಗಡಿಗೂ ಹೋಗಿ ಅದನ್ನೇ ಹೇಳಿದೆ, ಕಾಕನಿಗೆ ನಾನು ಹಿಂದೆ ಅಂದ ಮಾತಿನ ಸಮೇತ. ಅಲ್ಲಿದ್ದವರು ಲೋಟ ಕೆಳಗಿಟ್ಟು ಕೇಳಿಸಿಕೊಂಡರು.

ಇಂಜಿನ್ನನ್ನು ಕಾಕ ಬಿಚ್ಚಿ ನೋಡಿದರು, ಉಪಯೋಗ ಇರಲಿಲ್ಲ. ಕಾರು ಗುಜರಿಗೆ ಹೋಯಿತು. ನಾನು ಬೇರೆಯವರ ಜೀಪು ಓಡಿಸಲು ಸೇರಿದೆ. ಅದರ ಎಣ್ಣೆ ಯಾವುದು, ಎಷ್ಟು ಸಮಯಕ್ಕೆ ಬದಲಿಸುವುದು ಎಲ್ಲ ಕಾಕನ ಲೆಕ್ಕವೇ, ಘಟ್ಟದ ಲೆಕ್ಕ. ನಾನು ಬಾಯಿ ತೆರೆಯಲಿಲ್ಲ. ಒಂದು ಮಾತ್ರ ಗಮನಿಸಿದೆ. ಆಮೇಲೆ ಕಾಕ ಎಣ್ಣೆಯ ವಿಷಯದಲ್ಲಿ ಬಿಡುವುದು ಎಂಬ ಶಬ್ದವನ್ನೇ ಆಡಲಿಲ್ಲ. ತೆಗೆದರೆ ಖಾಲಿ ಮಾಡುದು, ಹಾಕಿದರೆ ಹೊಯ್ಯುದು. ನಾನೂ ಅದನ್ನೇ ಕಲಿತೆ. ಆ ದಿನದ ಮೂವತ್ತನೇ ನಂಬರಿನ ಡಬ್ಬಿ ಸೀಲು ಒಡೆಯದೆ ಅವರ ಹಲಗೆಯ ಮೇಲೆ ವರ್ಷಗಟ್ಟಲೆ ಕೂತಿತ್ತು. ಯಾರು ಕೇಳಿದರೂ ಅದು ಕೊಡುವುದಕ್ಕಿಲ್ಲ ಎನ್ನುತ್ತಿದ್ದರು.

ಅಕ್ಕ ಹೊಲಿಯುವುದನ್ನು ನಿಲ್ಲಿಸಲಿಲ್ಲ. ಕಾಜ ಹೊಲಿಯುವುದು ಬಿಟ್ಟಳು, ರವಕೆಯೂ ಕಮ್ಮಿಯಾಯಿತು, ಲಂಗ ಮತ್ತು ತಲೆದಿಂಬಿನ ಚೀಲ ಹೊಲಿಯುತ್ತಿದ್ದಳು. ಬೆಳಿಗ್ಗೆ ಜೀಪಿಗೆ ಹೋಗುವ ಮೊದಲು ನಾಲ್ಕು ಸೂಜಿಗೆ ದಾರ ಪೋಣಿಸಿ ದಿಂಬಿಗೆ ಚುಚ್ಚಿಟ್ಟು ಹೋಗುವುದು ನನ್ನ ಕೆಲಸ. ಆ ದಿನದ ಬಗ್ಗೆ ನಾವು ಮಾತಾಡುತ್ತಿರಲಿಲ್ಲ. ಒಂದು ಶನಿವಾರ ಮಾತ್ರ ನನಗೆ ತಡೆಯಲಿಲ್ಲ. ಅವಳು ಮೆಷಿನ್ನಿನ ಮುಂದೆ ಕೂತಿದ್ದಳು. ಬಟ್ಟೆಯ ಅಂಚು ಸಿಗದೆ ಬೆರಳಿನಿಂದ ತಡವುತ್ತಿದ್ದಳು. ನಾನು ನೆಲದಲ್ಲಿ ಅವಳ ಕಾಲ ಹತ್ತಿರ ಕೂತು, ಅಕ್ಕ, ಆ ದಿನ ನೀನು ನಿಲ್ಲಿಸು ಎಂದಾಗ ನಾನು ನಿಲ್ಲಿಸಿದ್ದರೆ ಎಂದು ಶುರು ಮಾಡಿದೆ. ಮುಗಿಸಲು ಆಗಲಿಲ್ಲ.

ಅಕ್ಕ ಮೆಷಿನ್ನಿನ ಚಕ್ರಕ್ಕೆ ಕೈಯಿಟ್ಟು ನಿಲ್ಲಿಸಿದಳು. ಎಡಗಣ್ಣು ನನ್ನ ಕಡೆ ತಿರುಗುವಷ್ಟು ಮುಖ ತಿರುಗಿಸಿದಳು.

"ಆ ಮಾತು ಬಿಡು. ಮೆಷಿನ್ ಗಟ್ಟಿ ಆಗಿದೆ, ಎಣ್ಣೆ ಬಿಡು."

ನಾನು ಎಣ್ಣೆಯ ಬುಡ್ಡಿ ತಂದೆ. ಮೆಷಿನ್ನಿನ ಬೆನ್ನಿನ ಮೇಲೆ ಎಣ್ಣೆ ಬಿಡುವ ತೂತು ಎಲ್ಲಿದೆ ಎಂದು ಹದಿನೈದು ವರ್ಷದಿಂದ ಕಣ್ಣು ಮುಚ್ಚಿ ಹೇಳುತ್ತಿದ್ದವನಿಗೆ ಆ ದಿನ ಅದು ಸರಿಯಾಗಿ ಕಾಣಲಿಲ್ಲ. ಅಕ್ಕನೇ ಬೆರಳಿಟ್ಟು ತೋರಿಸಿದಳು. ಅಲ್ಲಿಗೆ ಎರಡು ಹನಿ ಬಿಟ್ಟು, ಒಳಗೆ ಇಳಿಯಿತೋ ಇಲ್ಲವೋ ಎಂದು ಬಗ್ಗಿ ನೋಡಿದೆ.